ನನ್ನ ಒಣಮುಖವನ್ನು ಒಲ್ಲದ ಹಾಜರಾತಿ ಯಂತ್ರಕ್ಕೆ

ಮುಖ ನೋಡಿ ಹಾಜರಿ ಹಾಕುವ ಯಂತ್ರ ಮಹಾಶಯರಿಗೆ,
ನೋಟಿಸ್ ಬೋರ್ಡಿನ ಪಕ್ಕದ ಗೋಡೆ, ನಮ್ಮ ಕಾಲೇಜು, ಹಲಸೂರು.

ಮಾನ್ಯರೇ,

ತಮ್ಮ ಸಮ್ಮುಖದಲ್ಲಿ ನಿಲ್ಲುವ ಯೋಗ್ಯತೆಯನ್ನು ತಾವೇ ನನ್ನಿಂದ ಕಿತ್ತುಕೊಂಡಿರುವುದರಿಂದ ಪತ್ರಮುಖೇನ ಬರುತ್ತಿದ್ದೇನೆ. ತಮಗೂ, ತಮ್ಮ ಹಸಿರು ದೀಪಕ್ಕೂ, ಇತ್ತೀಚೆಗೆ ನನ್ನೊಡನೆ ಹೆಚ್ಚು ಒಡನಾಟವಿರುವ ಕೆಂಪು ದೀಪಕ್ಕೂ ಸಾದರ ನಮಸ್ಕಾರಗಳು. ಮೊದಲಿಗೆ ತಪ್ಪೊಪ್ಪಿಗೆ. ಕಳೆದ ತಿಂಗಳ ಮೂರನೆಯ ಮಂಗಳವಾರ ಬೆಳಿಗ್ಗೆ ಎಂಟು ಐವತ್ತಕ್ಕೆ, ಕಾವಲುಗಾರ ಮುನಿಶಾಮಿಯವರು ಟೀ ಕುಡಿಯಲು ಹೋದ ಸಮಯ ಸಾಧಿಸಿ, ತಮ್ಮ ಕಣ್ಣಿಗೆ ಒಂದು ಹನಿ ಕೊಬ್ಬರಿ ಎಣ್ಣೆ ಸವರಿದ ಪಾತಕಿ ನಾನೇ. ದುರುದ್ದೇಶವಿರಲಿಲ್ಲ. ನನ್ನ ಮುಖ ಒಣಗಿದೆ, ನಿಜ. ಆದರೆ ಅದು ಇಷ್ಟು ದಿನ ಕಾಣದಿರಬೇಕಾದರೆ ತಮ್ಮ ಕಣ್ಣೂ ಕೊಂಚ ಒಣಗಿರಬಹುದೆಂಬ ಸಹಾನುಭೂತಿಯಿಂದ ಹಾಗೆ ಮಾಡಿದೆ. ಸ್ನೇಹಕ್ಕೆ ಎಣ್ಣೆಯೆಂದೂ ಅರ್ಥವಿದೆಯೆಂದು ತರಗತಿಯಲ್ಲಿ ಇಪ್ಪತ್ತು ವರ್ಷ ಹೇಳಿದ ಕನ್ನಡ ಮೇಷ್ಟ್ರಿಗೆ ಅದನ್ನು ಪ್ರಯೋಗಿಸಿ ನೋಡುವ ಅವಕಾಶ ಸಿಕ್ಕಿದ್ದು ಅಂದೇ. ಫಲವಾಗಿ ತಾವು ಮುನಿಶಾಮಿಯವರೂ ಸೇರಿದಂತೆ ಹದಿನಾಲ್ಕು ಮಂದಿಯನ್ನು ಪ್ರಾಂಶುಪಾಲರೆಂದು ಬಗೆದು, ರಜೆಯ ಮೇಲೆ ಊರಲ್ಲೇ ಇಲ್ಲದ ಆ ಮಹನೀಯರಿಗೆ ಒಂದೇ ದಿನ ಹದಿನಾಲ್ಕು ಹಾಜರಿ ದಯಪಾಲಿಸಿದಿರಿ. ನನ್ನನ್ನು ಮಾತ್ರ ಅಂದೂ ಗುರುತಿಸಲಿಲ್ಲ. ಎಣ್ಣೆಗೂ ಕರಗದ ತಮ್ಮ ನಿಷ್ಠೆ ದೊಡ್ಡದು.

ಹಿಂದಿನದನ್ನು ನೆನೆದರೆ ಎದೆ ತುಂಬಿ ಬರುತ್ತದೆ. ಜೂನ್ ತಿಂಗಳಲ್ಲಿ ಸಹಿ ಪುಸ್ತಕವನ್ನು ಬೀರುವಿಗೆ ಸೇರಿಸಿ ತಮ್ಮನ್ನು ಗೋಡೆಗೇರಿಸಿದಂದಿನಿಂದ ನವೆಂಬರ್ ಮುಗಿಯುವವರೆಗೆ ನಮ್ಮ ಸಂಬಂಧ ಎಷ್ಟು ಚೆನ್ನಾಗಿತ್ತು! ನಾನು ನಿಲ್ಲುತ್ತಿದ್ದೆ, ತಾವು ಹಸಿರಾಗುತ್ತಿದ್ದಿರಿ. ಡಿಸೆಂಬರ್ ಬಂತು. ರಾಮಮೂರ್ತಿ ನಗರದ ಬಾಡಿಗೆ ಮನೆಯಿಂದ ಸ್ಕೂಟರ್ ಹತ್ತಿ, ಹಳೇ ಮದ್ರಾಸ್ ರಸ್ತೆಯ ಧೂಳನ್ನೆಲ್ಲ ಮುಖದ ಮೇಲೆ ಹೊತ್ತು, ಬೆಳಗಿನ ಚಳಿಗಾಳಿಯಲ್ಲಿ ಹಲಸೂರು ಮುಟ್ಟುವಷ್ಟರಲ್ಲಿ ಮೂಗಿನ ಎರಡೂ ಬದಿ ಬಿಳಿ ಹೊಟ್ಟು ಏಳತೊಡಗಿತು. ಕೆನ್ನೆ ಕೆಂಪಾಗಿ ಉರಿಯತೊಡಗಿತು. ನಕ್ಕರೆ ಚರ್ಮ ಬಿಗಿಯುತ್ತಿತ್ತು, ನಗದಿದ್ದರೆ ವಿದ್ಯಾರ್ಥಿಗಳು ಕಾರಣ ಕೇಳುತ್ತಿದ್ದರು. ಹೆಸರು ವಸಂತ, ಮುಖದಲ್ಲಿ ಮಾತ್ರ ಎಲೆ ಉದುರುವ ಕಾಲ. ಎರಡನೆಯ ವರ್ಷದ ಸುನಿಲ್ ಎಂಬ ಪ್ರತಿಭಾವಂತ ಹಿಂದಿನ ಬೆಂಚಿನಿಂದ, "ಹಳೇಗನ್ನಡ ತುಂಬಾ ಡ್ರೈ ಅಂತಿದ್ವಿ ಸರ್, ಈಗ ಗೊತ್ತಾಯ್ತು ಎಲ್ಲಿಂದ ಉದುರ್ತಿದೆ ಅಂತ" ಎಂದದ್ದಕ್ಕೆ ನಾನೇ ಮೊದಲು ನಕ್ಕೆ, ನಕ್ಕು ಕೆನ್ನೆ ಹಿಡಿದುಕೊಂಡೆ. ಇಷ್ಟಾದರೂ ಸಹಿಸಿದ್ದೆ. ಆದರೆ ಡಿಸೆಂಬರ್ ಒಂಬತ್ತರಂದು ತಾವು ಆ ಸುಮಧುರ ಹೆಣ್ಣುದನಿಯಲ್ಲಿ, "ಯಾರೆಂದು ತಿಳಿಯಲಿಲ್ಲ, ಮತ್ತೊಮ್ಮೆ ಪ್ರಯತ್ನಿಸಿ" ಎಂದು ಇಡೀ ಸಾಲಿಗೆ ಕೇಳುವಂತೆ ಸಾರಿದಿರಲ್ಲ, ಅದನ್ನು ಮುಖಭಂಗವೆನ್ನದೆ ಬೇರೆ ಪದವಿಲ್ಲ.

ಇದರಿಂದ ನನಗೇನು ನಷ್ಟವೆಂಬುದು ಗೋಡೆಯ ಮೇಲಿರುವ ತಮಗೆ ತಿಳಿದಿರಲಾರದು. ವರ್ಷವಿಡೀ ಒಂದು ದಿನವೂ ತಪ್ಪದೆ ಬಂದ ಅಧ್ಯಾಪಕರಿಗೆ ಸಂಸ್ಥಾಪಕರ ದಿನದಂದು ನಮ್ಮಲ್ಲಿ ಶಾಲು ಹೊದಿಸುತ್ತಾರೆ. ಎಂಟು ವರ್ಷದಿಂದ ಆ ಶಾಲು ನನ್ನದು. ಉಣ್ಣೆ ಚುಚ್ಚುತ್ತದೆ, ಬಣ್ಣ ಬಿಡುತ್ತದೆ, ಎಂಟರಲ್ಲಿ ಮೂರು ಈಗಾಗಲೇ ಸ್ಕೂಟರ್ ಒರೆಸುತ್ತಿವೆ. ಆದರೂ ಅದು ಅರ್ಥಶಾಸ್ತ್ರದ ಹಂಪಣ್ಣನವರ ಹೆಗಲೇರುವುದನ್ನು ನೋಡುವ ಶಕ್ತಿ ನನಗಿಲ್ಲ. ಅವರು ಈಗಾಗಲೇ ಕನ್ನಡಿಯ ಮುಂದೆ ಹೆಗಲು ಅಳೆದುಕೊಳ್ಳುತ್ತಿದ್ದಾರೆಂದು ಸುದ್ದಿ. ತರಗತಿಯಲ್ಲಿ ಗಂಟಲು ಹರಿಯುವಷ್ಟು ಪಾಠ ಮಾಡಿದ ದಿನಗಳಲ್ಲೂ ತಮ್ಮ ಪಟ್ಟಿಯಲ್ಲಿ ನಾನು ಗೈರು. ಪಟ್ಟಿಯನ್ನು ನಂಬಬೇಕೋ ನನ್ನನ್ನು ನಂಬಬೇಕೋ ಎಂದು ಪ್ರಾಂಶುಪಾಲರು ನನ್ನ ಮುಖ ನೋಡಿಯೇ ಯೋಚಿಸಿದರು, ಪಟ್ಟಿಯನ್ನು ನಂಬಿದರು.

ತಮ್ಮ ಕೃಪಾದೃಷ್ಟಿಗಾಗಿ ನಾನು ಪಟ್ಟ ಪಾಡನ್ನು ಹೇಳದಿದ್ದರೆ ಪತ್ರ ಅಪೂರ್ಣ. ನಮ್ಮ ಮನೆಯ ಮಾಲೀಕರಾದ ಗಂಗಲಕ್ಷ್ಮಮ್ಮನವರು, ಈಗ ಬಾಡಿಗೆ ಮನೆಗಳು ನಿಂತಿರುವ ಜಾಗದಲ್ಲಿ ಹಿಂದೆ ಸ್ವತಃ ರಾಗಿ ಬೆಳೆದವರು, ಗೇಟಿನಲ್ಲಿ ನನ್ನನ್ನು ತಡೆದು, "ಏನ್ ಮೇಷ್ಟ್ರೇ, ಮಖ ಬಿರುಕು ಬಿಟ್ಟ ಕೆರೆ ಅಂಗ್ಳ ಆದಂಗಾಗೈತೆ! ಆ ಸೋಪ್ ಬಿಸಾಕಿ, ಕಡ್ಲೆಹಿಟ್ಟು ಮೊಸರು ಅರಿಶಿನ ಕಲಸ್ಕಂಡು ಚೆಂದಾಗ್ ಉಜ್ಜಿ" ಎಂದರು. ಉಜ್ಜಿದೆ. ಪಾತ್ರೆಯ ತಳ ಉಜ್ಜುವಂತೆ ಉಜ್ಜಿದೆ. ಹೊಟ್ಟು ಹೋಯಿತು, ಅದರ ಜೊತೆಗೆ ಒಂದು ಪದರ ವಸಂತನೂ ಹೋದ. ಅರಿಶಿನ ಮಾತ್ರ ಉಳಿಯಿತು. ಆ ದಿನ ತಾವು ನನ್ನನ್ನು ನೋಡಿ ಕೆಂಪು ದೀಪವನ್ನೂ ಹಾಕದೆ ಸುಮ್ಮನಿದ್ದುಬಿಟ್ಟಿರಿ.

ಮರುವಾರ ಶಿವಾಜಿನಗರದ ಅತ್ತರಿನ ವ್ಯಾಪಾರಿ ಮುಕ್ತಾರ್ ಸಾಹೇಬರ ಅಂಗಡಿ ಹೊಕ್ಕೆ. ಅವರು ನನ್ನ ಗಲ್ಲವನ್ನು ಬೆಳಕಿಗೆ ತಿರುಗಿಸಿ, "ಅರೇ ಸಾರ್, ಇದಕ್ಯಾಕೆ ಟೆನ್ಷನ್? ನಮ್ದು ಗುಲಾಬ್ ಜಲ್ ಹಾಕಿ, ಮುಖ ಒಳ್ಳೇ ಗುಲಾಬಿ ಆಗೋಗ್ತದೆ" ಎಂದು ಸೀಸೆ ಕೊಟ್ಟರು. ಸುಗಂಧ ಬೆರೆತ ನೀರು ಬಿರುಕಿಗೆ ಇಳಿದೊಡನೆ ಕುಕ್ಕರಿನಂತೆ ಸೀಟಿ ಹೊಡೆದೆ. ಅವರ ಮಾತು ಸುಳ್ಳಾಗಲಿಲ್ಲ, ಮುಖ ಗುಲಾಬಿಯೇ ಆಯಿತು, ಮುಳ್ಳು ಸಮೇತ. ಕೊನೆಗೆ ಕಂಪ್ಯೂಟರ್ ವಿಭಾಗದ ನಿಖಿತಾ ಮೇಡಂ, ತಮ್ಮ ಲಾಲನೆ ಪಾಲನೆ ನೋಡಿಕೊಳ್ಳುವವರೂ ಅವರೇ, "ಸರ್, ನಿಮ್ ಸ್ಕಿನ್ ಬ್ಯಾರಿಯರ್ ಡ್ಯಾಮೇಜ್ ಆಗಿದೆ" ಎಂದು ಮರುಗಿ ಏಳು ಪುಟ್ಟ ಬಾಟಲಿಗಳ ಹೆಸರು ಬರೆದುಕೊಟ್ಟರು. ಏಳನ್ನೂ ಒಂದರ ಮೇಲೊಂದು ಬಳಿದುಕೊಂಡು ಬಂದ ದಿನ ನನ್ನ ಹಣೆಯಲ್ಲಿ ಕಾರಿಡಾರಿನ ಟ್ಯೂಬ್‌ಲೈಟ್ ಕಾಣುತ್ತಿತ್ತಂತೆ. ತಾವು ನನ್ನನ್ನು ದೀಪವೆಂದು ತಿಳಿದಿರೋ ಏನೋ, "ಬೆಳಕು ಹೆಚ್ಚಾಗಿದೆ" ಎಂದಿರಿ. ಯಾರಾದರೂ ನನ್ನನ್ನು ಹಾಗೆ ಹೊಗಳಿದ್ದು ಅದೇ ಮೊದಲು.

ಎಣ್ಣೆಯ ಘಟನೆಯ ಮರುದಿನವೇ ಫ್ರೇಜರ್ ಟೌನಿನ ಚರ್ಮವೈದ್ಯೆ ಡಾಕ್ಟರ್ ಕಮರುನ್ನೀಸಾ ಅವರಲ್ಲಿಗೆ ಹೋದೆ. ಅವರು ಕನ್ನಡಕ ಏರಿಸಿ ನೋಡಿ, "ಇದೇನ್ ಮುಖಾನಾ, ಪ್ರಯೋಗಶಾಲೆನಾ?" ಎಂದು ಕೇಳಿದರು. ಆಗ ನಾನು ಎದೆಯುಬ್ಬಿಸಿ, ಈ ಡಿಸೆಂಬರಿಗೆ ಮುಂಚೆ ನಲವತ್ತೆಂಟು ವರ್ಷ ನನ್ನ ಮುಖಕ್ಕೆ ನೀರು ಮತ್ತು ಸಾಬೂನು ಬಿಟ್ಟರೆ ಬೇರೇನೂ ತಾಗಿಲ್ಲ, ಇದು ಕೃತಕತೆಯ ಗಂಧಗಾಳಿಯಿಲ್ಲದ ಮುಖ, ನನ್ನ ಸರಳತೆಗೆ ಇದೇ ಸಾಕ್ಷಿ ಎಂದು ನುಡಿದೆ. ಇದನ್ನು ತಮ್ಮ ಗಮನಕ್ಕೂ ತರುತ್ತಿದ್ದೇನೆ. ಅವರ ಚಿಕಿತ್ಸೆ ನಿರಾಶೆಯಾಗುವಷ್ಟು ಸರಳವಾಗಿತ್ತು: ಹಚ್ಚುವುದನ್ನೆಲ್ಲ ನಿಲ್ಲಿಸುವುದು, ಬಿಸಿನೀರು ಬಿಟ್ಟು ಉಗುರು ಬೆಚ್ಚಗಿನ ನೀರು, ವಾಸನೆಯಿಲ್ಲದ ಮೃದು ಸಾಬೂನು, ಟವೆಲಿನಿಂದ ಉಜ್ಜದೆ ಒತ್ತುವುದು, ಮುಖ ಇನ್ನೂ ಪಸೆಯಿರುವಾಗಲೇ ಸುಗಂಧವಿಲ್ಲದ ದಪ್ಪ ಕ್ರೀಮು, ಹಗಲು ಬಿಸಿಲಿಗೆ ಹೋಗುವ ಮುನ್ನ ಸನ್‌ಸ್ಕ್ರೀನ್, ವಾರಕ್ಕೊಮ್ಮೆ ಹೆಲ್ಮೆಟ್ಟಿನ ಒಳಬಟ್ಟೆ ಒಗೆಯುವುದು. ಉರಿ ಇಳಿಯದಿದ್ದರೆ ಮತ್ತೆ ಬನ್ನಿ ಎಂದರು. ಹೋಗಬೇಕಾಗಲಿಲ್ಲ. ಎರಡು ವಾರದಲ್ಲಿ ಕೆಂಪು ಇಳಿಯಿತು, ಹೊಟ್ಟು ನಿಂತಿತು, ಕೆನ್ನೆ ನಗಲು ಅನುಮತಿ ಕೊಟ್ಟಿತು.

ಆ ಗುಣಮುಖ ಹೊತ್ತು ತಮ್ಮೆದುರು ನಿಂತೆ, ಮಾನ್ಯರೇ. ಹುಟ್ಟಿದಾರಭ್ಯ ನನ್ನದೇ ಆದ, ಎಣ್ಣೆಯಿಲ್ಲದ, ಬಣ್ಣವಿಲ್ಲದ ಮುಖ. "ಯಾರೆಂದು ತಿಳಿಯಲಿಲ್ಲ." ರೋಗವಿದ್ದಾಗ ತಿರಸ್ಕರಿಸಿದಿರಿ, ಸರಿ, ವಾಸಿಯಾದ ಮೇಲೂ ತಿರಸ್ಕರಿಸುವುದು ಯಾವ ನ್ಯಾಯ?

ನಿಖಿತಾ ಮೇಡಂ ಹೇಳುವಂತೆ ಪರಿಹಾರ ಒಂದೇ. ಶುಕ್ರವಾರದ ಸಿಬ್ಬಂದಿ ಸಭೆಯಲ್ಲಿ, ಜೂನ್ ತಿಂಗಳಲ್ಲಿ ತಾವು ನೋಂದಾಯಿಸಿಕೊಂಡ ನನ್ನ ಹಳೆಯ ಚಿತ್ರವನ್ನೂ ಹೊಸ ಚಿತ್ರವನ್ನೂ ದೊಡ್ಡ ಪರದೆಯ ಮೇಲೆ ಪಕ್ಕಪಕ್ಕ ತೋರಿಸಿ, ಇಬ್ಬರೂ ಒಬ್ಬರೇ ಎಂದು ಸಹೋದ್ಯೋಗಿಗಳು ಒಪ್ಪಿದರೆ ಗೈರುಗಳೆಲ್ಲ ರದ್ದು. ಸೋಮವಾರ, ಸಂಸ್ಥಾಪಕರ ದಿನದಂದು, ಶಾಲು ನನಗೆ. ಈ ವಿಧಾನವನ್ನು ಬಿಟ್ಟು ಬೇರೆ ಏನನ್ನಾದರೂ ದಯಪಾಲಿಸಬೇಕೆಂದು ಕೋರುತ್ತೇನೆ. ಬೇಕಾದರೆ ನನ್ನ ಕಿವಿಯಿಂದ ಗುರುತಿಸಿ, ಕೆಮ್ಮಿನಿಂದ ಗುರುತಿಸಿ, ಹಳೆಗನ್ನಡದ ಒಂದು ಪದ್ಯವನ್ನು ತಪ್ಪಿಲ್ಲದೆ ಓದಿಸಿ ನೋಡಿ. ತಾವೇ ಒಂದು ದಿನ ಗೋಡೆಯಿಂದಿಳಿದು ನನ್ನ ಸ್ಕೂಟರಿನ ಹಿಂದೆ ಕುಳಿತು ಕೆ.ಆರ್. ಪುರದ ತೂಗುಸೇತುವೆಯವರೆಗೆ ಬಂದು, ಆಮೇಲೆ ತಮ್ಮ ಮುಖ ತಮಗೇ ಗುರುತು ಸಿಗುತ್ತದೆಯೇ ಪರೀಕ್ಷಿಸಿ. ಆ ಹಳೆಯ ಚಿತ್ರವೊಂದನ್ನು ಮಾತ್ರ ಯಾರಿಗೂ ತೋರಿಸದೆ, ತಾವೂ ಇನ್ನೊಮ್ಮೆ ನೋಡದೆ ಅಳಿಸಿಬಿಡಿ. ಇದು ಕೇವಲ ವಿನಯದಿಂದ ಮಾಡುತ್ತಿರುವ ಮನವಿ.

ತಮ್ಮ ಕೆಂಪು ದೀಪದ ಕೆಳಗೆ ಬೆಳಿಗ್ಗೆ ಒಂಬತ್ತಕ್ಕೆ ತಪ್ಪದೆ ಗೈರುಹಾಜರಾಗುವ,
ತಮ್ಮ ವಿಶ್ವಾಸಿ,
ವಸಂತ
ಕನ್ನಡ ಉಪನ್ಯಾಸಕ

ಮರೆತ ಮಾತು: ಕ್ಲಿನಿಕ್ಕಿನ ವೃತ್ತಾಂತದಲ್ಲಿ ಒಂದು ಸಾಲು ಬಿಟ್ಟುಹೋಗಿದೆ. ನನ್ನ ಸರಳತೆಯ ಭಾಷಣ ಮುಗಿದ ಮೇಲೆ ಡಾಕ್ಟರ್ ಹತ್ತಿಯಿಂದ ನನ್ನ ಕಿವಿಯ ಹಿಂಬದಿ ಒರೆಸಿದರು; ಹತ್ತಿಗೆ ಬಿಳಿ ಮೆತ್ತಿಕೊಂಡಿತು. ದಾರಿಯ ಧೂಳು ಎಂದೆ. ಮೂಸಿ ನೋಡಿ, "ಕೆ.ಆರ್. ಪುರದ ಧೂಳಿಗೆ ಮಲ್ಲಿಗೆ ವಾಸ್ನೆ ಯಾವಾಗಿಂದ ರೀ?" ಎಂದರು. ತಮ್ಮಲ್ಲಿ ನೋಂದಣಿಯ ಹಿಂದಿನ ಸಂಜೆ, ಶಾಶ್ವತವಾಗಿ ಉಳಿಯುವ ಚಿತ್ರವಲ್ಲವೇ ಎಂದು, ಇಂದಿರಾನಗರದ ಒಂದು ಪಾರ್ಲರಿಗೆ ಹೋಗಿ ಬ್ಲೀಚು, ಗೋಲ್ಡ್ ಫೇಶಿಯಲ್ಲು, ಹುಬ್ಬಿಗೂ ಮೀಸೆಗೂ ಕಪ್ಪು ಮಾಡಿಸಿಕೊಂಡಿದ್ದೆ. ಆ ಬಣ್ಣ ವಾರಕ್ಕೇ ಇಳಿಯಿತು. ತಾವು ಗುರುತಿಸದೆ ಹೋದೀರೆಂಬ ಭಯಕ್ಕೆ ಅಂದಿನಿಂದ ದಿನಾ ಬೆಳಿಗ್ಗೆ ಹಲಸೂರು ಕೆರೆಯ ಬದಿ ಸ್ಕೂಟರ್ ನಿಲ್ಲಿಸಿ, ಅದರ ಕನ್ನಡಿಯಲ್ಲಿ ಮುಖಕ್ಕೆ ಪೌಡರು ಮೆತ್ತಿ, ಹೆಂಡತಿಯ ಹುಬ್ಬಿನ ಪೆನ್ಸಿಲಿನಲ್ಲಿ ಮೀಸೆ ತೀಡಿಕೊಂಡು ಬರುತ್ತಿದ್ದೆ. ಚರ್ಮದ ಪಸೆಯನ್ನೆಲ್ಲ ಕುಡಿದದ್ದು ಆ ಪೌಡರೇ ಎಂದು ಡಾಕ್ಟರ್ ತೀರ್ಪು ಕೊಟ್ಟರು. ಡಿಸೆಂಬರಿನಲ್ಲಿ ಹೊಟ್ಟಿನ ಮೇಲೆ ಅದು ನಿಲ್ಲಲೇ ಇಲ್ಲ, ಆದ್ದರಿಂದ ತಾವು ನನ್ನನ್ನು ನೋಡಲಿಲ್ಲ. ಒಂದು ವಿಷಯ ಮಾತ್ರ ತಮಗೆ ತಿಳಿದಿರಲಿ. ಪಾರ್ಲರಿನಿಂದ ಬಂದ ಆ ಮುಖಕ್ಕೆ ಮರುದಿನ ತಾವು ಕಣ್ಣು ಮಿಟುಕಿಸುವುದರೊಳಗೆ ಹಸಿರು ದೀಪ ತೋರಿಸಿದಿರಿ, ಆದರೆ ಹಿಂದಿನ ಸಂಜೆ ಅದೇ ಮುಖ ಹೊತ್ತು ಮನೆಯ ಗಂಟೆ ಒತ್ತಿದಾಗ, ಇಪ್ಪತ್ತೆರಡು ವರ್ಷ ನನ್ನೊಡನೆ ಬಾಳಿದ ಭವ್ಯ ಬಾಗಿಲಿನ ಚೈನು ತೆಗೆಯದೆಯೇ ಹೇಳಿದ್ದಳು: "ಯಾರ್ ಬೇಕಿತ್ತು ಸರ್? ನಮ್ಮನೆಯವ್ರು ಇನ್ನೂ ಬಂದಿಲ್ಲ."