ಅಜ್ಜಿ ಹೂಂ ಅನ್ನದೆ ಗೇಟು ತೆರೆಯದು

ಕೆಲವರಿಗೆ ಹೋದಲ್ಲೆಲ್ಲ ನೆಗಡಿ ಅಂಟುತ್ತದೆ, ನನಗೆ ಫಜೀತಿ ಅಂಟುತ್ತದೆ. ನಾನಾಗಿ ಅದರ ತಂಟೆಗೆ ಹೋಗುವವನಲ್ಲ. ಅದೇ ವಿಳಾಸ ಕೇಳಿಕೊಂಡು ಬರುತ್ತದೆ. ಕೊರೊನಾ ಕಾಲದಲ್ಲಂತೂ ಬಂದದ್ದು ಬಂದು ನನ್ನ ಮನೆಯಲ್ಲೇ ಠಿಕಾಣಿ ಹೂಡಿತ್ತು.

ದುಬೈಯ ಜುಮೇರಾ ಲೇಕ್ ಟವರ್ಸ್‌ನಲ್ಲಿ ನಮ್ಮ ಆಫೀಸು. ನೀರು ಶುದ್ಧ ಮಾಡುವ ಯಂತ್ರ ಮಾರುತ್ತೇವೆ. ನನ್ನದು ಟ್ರಾವೆಲ್ ಡೆಸ್ಕು. ಯಂತ್ರ ರಿಪೇರಿಗೆ ಯಾರು ಯಾವ ದೇಶಕ್ಕೆ ಹೋಗಬಹುದು, ಅಲ್ಲಿ ಯಾರ ಅಪ್ಪಣೆ ಬೇಕು, ಯಾವ ಗಡಿ ತೆರೆದಿದೆ, ಯಾವುದು ಮುಚ್ಚಿದೆ ಎಂದು ವಿಚಾರಿಸಿ ಹೇಳುವುದೇ ನನ್ನ ಅನ್ನ. ಹೆಂಡತಿ ಅಬುಧಾಬಿಯ ಖಲೀಫಾ ಸಿಟಿಯಲ್ಲಿ ಟೀಚರು. ಆಗ ಇಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ನಾನು ಗುರುವಾರ ಹೋಗಿ ಶನಿವಾರ ರಾತ್ರಿ ಮರಳುವ ಅಳಿಯ-ಅತಿಥಿ.

ಕೊರೊನಾ ಬಂತು, ಒಂದೇ ದೇಶದ ದುಬೈ ಅಬುಧಾಬಿ ನಡುವಿನ ಗಡಿಯೂ ಮುಚ್ಚಿತು. ಹೆಂಡತಿ ತುಂಬಿದ ಬಸುರಿ. ಬಾಣಂತನಕ್ಕೆಂದು ಧಾರವಾಡದಿಂದ ಬಹಳ ಮುಂಚೆಯೇ ಬಂದಿದ್ದ ಅತ್ತೆ ಅವಳ ಜೊತೆ ಆ ಕಡೆ, ನಾನೊಬ್ಬ ಈ ಕಡೆ. ಫೋನಿನಲ್ಲಿ ಹೆಂಡತಿ ಅತ್ತಳು.

"ಕೂಸು ಹುಟ್ಟೋ ಹೊತ್ತಿಗೆ ನಾ ಅಲ್ಲಿರ್ತೀನಿ ನೋಡು. ಯಾರು ಅಡ್ಡ ಬರ್ತಾರೋ ಬರ್ಲಿ!" ಎಂದು ಗುಡುಗಿದೆ.

ಯಾರ್‍ಯಾರು ಅಡ್ಡ ಬಂದರು ಎಂಬುದೇ ಮುಂದಿನ ಕತೆ.

ಅಜ್ಜಿಯ ಮೇಲೆ ಯಾರು?

ಆಸ್ಟ್ರೇಲಿಯಾದ ನಟ್ಟನಡುವೆ, ಮರಳುಗಾಡಿನಲ್ಲಿ, ಅಲ್ಲಿಯ ಮೂಲನಿವಾಸಿಗಳದ್ದೇ ಆದ ಸೀಮೆಯಿದೆ. ಅದರಲ್ಲಿ ಒಂದು ಸಣ್ಣ ಊರಿಗೆ ನಮ್ಮ ಯಂತ್ರ ಹಾಕಿದ್ದೆವು. ಫಿಲ್ಟರ್ ಬದಲಿಸುವ ಹೊತ್ತು ಬಂತು. ಹತ್ತಿರದ ಪಟ್ಟಣದಲ್ಲಿ (ಹತ್ತಿರ ಎಂದರೆ ಒಂದು ದಿನದ ದಾರಿ) ನಮ್ಮ ಮೆಕ್ಯಾನಿಕ್ ಗಾಡಿಗೆ ಸಾಮಾನು ತುಂಬಿಕೊಂಡು ಕಾಯುತ್ತಿದ್ದ. ಆ ಸೀಮೆಗೆ ಕಾಲಿಡಲು ಯಾವತ್ತೂ ಪರವಾನಗಿ ಬೇಕು. ಕೊರೊನಾ ಬಂದ ಮೇಲೆ ಪರವಾನಗಿ ಕೊಡುವುದೇ ನಿಂತಿತ್ತು.

ನಾನು ಅವರ ಕಚೇರಿಗೆ ಫೋನು ಹಚ್ಚಿದೆ. ಎತ್ತಿದ ಹೆಂಗಸು ಸಮಾಧಾನವಾಗಿ ಕೇಳಿಸಿಕೊಂಡು, "ಅವನು ಬರುವ ಹಾಗಿಲ್ಲ" ಅಂದಳು.

"ನಮ್ಮ ಹತ್ತಿರ ಸರ್ಕಾರದ ಪತ್ರ ಇದೆ."

"ಭದ್ರವಾಗಿ ಇಟ್ಟುಕೊಳ್ಳಿ. ಇಲ್ಲಿ ಊರಿನ ಅಜ್ಜಿಯಂದಿರು ಕೂತು ಮಾತಾಡಿದ್ದಾರೆ. ವಯಸ್ಸಾದವರು ಬಹಳ ಇದ್ದಾರೆ, ಆಸ್ಪತ್ರೆ ದೂರ. ಸಾಮಾನು ಬರಲಿ, ಮನುಷ್ಯ ಬೇಡ ಅಂದಿದ್ದಾರೆ. ಪೆಟ್ಟಿಗೆ ಗಡಿಯ ಗೇಟಿನಲ್ಲಿ ಇಟ್ಟು ಹೋಗಿ. ಫೋನಿನಲ್ಲಿ ಹೇಳಿಕೊಟ್ಟರೆ ನಮ್ಮವರೇ ಕೂರಿಸುತ್ತಾರೆ."

ನಮ್ಮ ಮ್ಯಾನೇಜರ್ ಮಂಗಳೂರಿನವರು. ಸಂಗತಿ ಹೇಳಿದ ಕೂಡಲೇ ಸಿಟ್ಟಾದರು. "ಎಂಥ ಅಜ್ಜಿ ಮಾರಾಯ? ನಾವು ಅವರ ನೀರು ಸರಿ ಮಾಡ್ಲಿಕ್ಕೆ ಹೋಗುದಲ್ವಾ? ಅಜ್ಜಿಯ ಮೇಲೆ ಯಾರಾದ್ರೂ ಇರ್ಬೇಕಲ್ಲ? ಕೇಳು, ಅವರಿಗೇ ಮೇಲ್ ಹಾಕುವ."

ಮತ್ತೆ ಫೋನು ಮಾಡಿ ಕೇಳಿದೆ. "ಅಜ್ಜಿಯ ಮೇಲಿನವರಾ? ಇದ್ದರು. ಆಕೆಯ ಅಮ್ಮ. ತೀರಿಕೊಂಡು ಬಹಳ ವರ್ಷವಾಯ್ತು" ಅಂದಳು.

ಮ್ಯಾನೇಜರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಪೆಟ್ಟಿಗೆ ಗೇಟಿಗೆ ಹೋಯಿತು, ಫಿಲ್ಟರ್ ಕೂತಿತು, ನೀರೂ ಬಂತು.

ನನಗೋ ಖುಷಿಯೋ ಖುಷಿ. ಆ ದಿನ ವೀಡಿಯೋ ಕಾಲಿನಲ್ಲಿ ಹೆಂಡತಿಗೂ ಅತ್ತೆಗೂ ಉಪ್ಪು ಖಾರ ಹಚ್ಚಿ ಹೇಳಿದೆ. ಅತ್ತೆ ಸೊಪ್ಪು ಸೋಸುವುದನ್ನೇ ಬಿಟ್ಟು ಕೇಳಿದರು. "ಬರೇ ಅಜ್ಜಿ ಮಾತಿಗೆ ಸರ್ಕಾರದ ಕಾಗದ ಹಿಂದ ಸರೀತಂತೇನು?"

"ಸರೀತ್ರಿ ಅತ್ತಿ! ಹಿರೇರು ಅಂದ್ರ ಹಂಗಿರಬೇಕು ನೋಡ್ರಿ" ಅಂದೆ. ನಾಲಿಗೆಗೆ ಎಲುಬಿಲ್ಲ, ಏನು ಮಾಡೋಣ.

ಜೋಡಿ ರಾಹುಕಾಲ

ಕೊನೆಗೊಮ್ಮೆ ಗಡಿ ಸ್ವಲ್ಪ ತೆರೆಯಿತು. ಟೆಸ್ಟ್ ಮಾಡಿಸಿ, ರೋಗವಿಲ್ಲ ಎಂದು ಬಂದರೆ, ಎರಡು ದಿನದೊಳಗೆ ಗಡಿ ದಾಟಬಹುದು. ನಾನು ಮೂಗಿಗೆ ಕಡ್ಡಿ ಹಾಕಿಸಿಕೊಂಡು, ಕಣ್ಣಲ್ಲಿ ನೀರು ತಂದುಕೊಂಡು, ಫಲಿತಾಂಶ ಪಡೆದೆ. ಅದರ ಆಯುಷ್ಯ ಗುರುವಾರ ಸಂಜೆಯವರೆಗೆ. ಗುರುವಾರ ಮಧ್ಯಾಹ್ನ ಬ್ಯಾಗು ಕಾರಿಗೆ ಹಾಕುವಾಗ ಅತ್ತೆಯ ಫೋನು.

"ಅಳಿಯಂದ್ರ, ಎಲ್ಲಿದ್ದೀರಿ? ಹೊಸ್ತಿಲಾ ದಾಟಿಲ್ಲಲ್ಲ? ರಾಹುಕಾಲ ಶುರು ಆತು."

"ಅತ್ತಿ, ಇನ್ನೂ ಹನ್ನೆರಡು ಗಂಟಿ. ಗುರುವಾರ ರಾಹುಕಾಲ ಒಂದೂವರೀಗೆ."

"ಅದು ನಿಮ್ಮ ದುಬೈ ಗಡಿಯಾರ. ಧಾರವಾಡದಾಗ ಈಗ ಒಂದೂವರಿ. ಚೊಚ್ಚಲ ಕೂಸಿನ ಮನಿಗೆ ಬರೋರು, ಸ್ವಲ್ಪ ತಡೀರಿ."

ಬಸುರಿಯ ವಿಷಯ, ಹಿರಿಯರ ಮಾತು ಎಂದು ತಡೆದೆ. ಒಂದೂವರೆಗೆ ಬಾಗಿಲು ತೆಗೆದರೆ ಮತ್ತೆ ಫೋನು. "ಈಗ ಬ್ಯಾಡ್ರಿ! ಈಗ ಇಲ್ಲಿ ರಾಹುಕಾಲ ಶುರು."

ಆಗ ತಲೆಗೆ ಹೊಳೆಯಿತು. ಊರಿಗೂ ನಮಗೂ ಒಂದೂವರೆ ತಾಸಿನ ಅಂತರ, ರಾಹುಕಾಲವೂ ಒಂದೂವರೆ ತಾಸು. ಅಲ್ಲಿಯದು ಮುಗಿದ ಗಳಿಗೆಗೇ ಇಲ್ಲಿಯದು ಹಿಡಿಯುತ್ತದೆ! ಇಡೀ ಕೊಲ್ಲಿ ದೇಶದಲ್ಲಿರುವ ಕನ್ನಡಿಗರಿಗೆ ರಾಹು ಡಬಲ್ ಡ್ಯೂಟಿ ಮಾಡುತ್ತಾನೆ ಎಂದು ಅವತ್ತೇ ಗೊತ್ತಾಗಿದ್ದು.

"ಅತ್ತಿ, ಎರಡರಾಗ ಒಂದು ಹಿಡೀರಿ!" ಎಂದು ಜೋರು ಮಾಡಿದೆ.

"ಒಂದು ಬಿಟ್ರ ಆ ಕಡೆ ದೋಷ, ಇನ್ನೊಂದು ಬಿಟ್ರ ಈ ಕಡೆ ದೋಷ. ಹೆಂಗ ಬಿಡಾಕ ಬರ್ತದ?" ಅಂದರು.

ಮೂರಕ್ಕೆ ಹೊರಟೆ. ಘಂತೂತ್ ಎಂಬಲ್ಲಿ ಅಬುಧಾಬಿ ಚೆಕ್‌ಪೋಸ್ಟು. ಗುರುವಾರ ಬೇರೆ, ಕಾರುಗಳ ಸಾಲು ಬಾಲವೇ ಕಾಣದಷ್ಟು ಉದ್ದ. ನಾನು ಕಿಟಕಿಯ ಹತ್ತಿರ ಮುಟ್ಟುವಷ್ಟರಲ್ಲಿ ಟೆಸ್ಟಿನ ಆಯುಷ್ಯ ತೀರಿತ್ತು. ಪೊಲೀಸು ನನ್ನ ಫೋನು ನೋಡಿ, ತನ್ನ ಗಡಿಯಾರ ನೋಡಿ, "ಖಲಾಸ್" ಅಂದ.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಮಧ್ಯಾಹ್ನವೇ ಬರಬೇಕಿತ್ತು ಸಾಹೇಬ್ರೆ! ನನ್ನ ತಪ್ಪಲ್ಲ! ಹೆಂಡತಿಯ ತಾಯಿ ಈಗ ಹೊರಡಬೇಡ, ಆಗ ಹೊರಡಬೇಡ ಅಂತ ಹಿಡಿದು ಕೂರಿಸಿದರು!" ಎಂದು ಇಂಗ್ಲಿಷು, ಹಿಂದಿ, ಬಂದಷ್ಟು ಅರಬ್ಬಿ ಎಲ್ಲ ಸೇರಿಸಿ ಕೂಗಾಡಿದೆ.

ಅವನು ಸಿಟ್ಟಾಗಲಿಲ್ಲ. ಒಳಗೆ ಹೋಗಿ ತಣ್ಣನೆ ನೀರಿನ ಬಾಟಲಿ ತಂದು ಕೈಗಿಟ್ಟ. ಯೂ-ಟರ್ನ್ ಕಡೆ ಬೆರಳು ತೋರಿಸಿ, ಮೆಲ್ಲಗೆ, "ನನಗೂ ಇದ್ದಾರೆ" ಅಂದ.

ಎರಡನೆಯ ಚೆಕ್‌ಪೋಸ್ಟು

ಮರುವಾರ ಮತ್ತೆ ಮೂಗಿಗೆ ಕಡ್ಡಿ. ಈ ಸಲ ಅತ್ತೆಯ ಫೋನು ಎತ್ತಲೇ ಇಲ್ಲ. ಬೆಳಿಗ್ಗೆ ಹೊತ್ತು ಹುಟ್ಟುವ ಮುಂಚೆ ಕಾರು ಹತ್ತಿದೆ. ಚೆಕ್‌ಪೋಸ್ಟಿನಲ್ಲಿ ಪೊಲೀಸು ಫಲಿತಾಂಶ ನೋಡಿ "ಯಲ್ಲಾ" ಎಂದು ಕೈಬೀಸಿದಾಗ ನನಗೆ ಕುಣಿಯುವಷ್ಟು ಸಂತೋಷ. ಗೆದ್ದೆ ಅಂದುಕೊಂಡೆ.

ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ. ಖಲೀಫಾ ಸಿಟಿಯ ಮನೆ ಎಂದರೆ ದೊಡ್ಡದೊಂದು ವಿಲ್ಲಾ. ಮುಂದಿನ ಭಾಗದಲ್ಲಿ ಮಾಲೀಕರು, ಹಿಂದಿನ ಎರಡು ಕೋಣೆಯಲ್ಲಿ ನಾವು. ಹಿಂದಿನ ಗೇಟಿಗೆ ಚಿಲಕ ಬಿದ್ದಿತ್ತು. ಆ ಕಡೆ ಅತ್ತೆ, ಮೂಗಿಗೆ ಸೆರಗು ಕಟ್ಟಿಕೊಂಡು, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

"ಬಾಗಿಲಾ ತಗೀರಿ ಅತ್ತಿ. ಇಲ್ನೋಡ್ರಿ, ನನಗ ರೋಗ ಇಲ್ಲ ಅಂತ ಬಂದದ."

"ಅದು ಮೊನ್ನೀದು. ಮೊನ್ನಿಂದ ಇಲ್ಲೀತನಕ ಎಷ್ಟು ಮಂದೀನ್ನ ಮುಟ್ಟೀರಿ? ಲಿಫ್ಟಿನ ಗುಂಡಿ ಒತ್ತಿಲ್ಲೇನು?"

"ಪೊಲೀಸರೇ ಬಿಟ್ಟಾರ್ರೀ!"

"ಅವರ ಮಗಳು ಬಸುರಿ ಇಲ್ಲ, ಬಿಟ್ಟಾರ" ಅಂದರು ಅತ್ತೆ. "ನೀವೇ ಹೇಳಿದ್ರಲ್ಲ, ಅಲ್ಲೆ ಅಜ್ಜಿ ಮಾತಿಗೆ ಸರ್ಕಾರ ಹಿಂದ ಸರೀತು ಅಂತ? ಹಿರೇರು ಅಂದ್ರ ಹಂಗಿರಬೇಕು ಅಂತ? ನಾನೂ ಇನ್ನ ಅಜ್ಜಿ ಆಗಾಕಿ. ಸಾಮಾನು ಒಳಗ ಬರ್ಲಿ, ಅಳಿಯಂದ್ರು ಬ್ಯಾಡ."

ಬ್ಯಾಗು ಒಳಗೆ ಹೋಯಿತು. ನನಗೆ ಗೇಟಿನ ಹೊರಪಕ್ಕದ ಡ್ರೈವರ್ ಕೋಣೆ ತೋರಿಸಿದರು. ಡ್ರೈವರು ತನ್ನ ದೇಶಕ್ಕೆ ಹೋದವನು ವಿಮಾನವಿಲ್ಲದೆ ಅಲ್ಲೇ ಉಳಿದಿದ್ದ. ಅತ್ತೆ ಮಗಳ ಬಾಯಿಂದ ಮಾಲೀಕರಿಗೆ ಹೇಳಿಸಿ ಮೊದಲೇ ಕೋಣೆ ಕೇಳಿಟ್ಟಿದ್ದರು.

"ನಾ ಆ ಕೋಣ್ಯಾಗ ಹೋಗಂಗಿಲ್ಲ! ಇಲ್ಲೇ ಬಿಸಲಾಗ ಕೂಡ್ತೀನಿ! ಊರ ಮಂದಿ ನೋಡ್ಲಿ!" ಎಂದು ಗೇಟಿನೆದುರು ನೆಲದ ಮೇಲೆ ಕೂತುಬಿಟ್ಟೆ. ಕಿಟಕಿಯಲ್ಲಿ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು, ಕಣ್ಣೂ ಒರೆಸಿಕೊಳ್ಳುತ್ತಿದ್ದಳು. ಇಷ್ಟು ದಿನಗಳ ಮೇಲೆ ಅವಳನ್ನು ಕಣ್ಣಾರೆ ಕಂಡು ನಾನೂ ಕೈಬೀಸಿದೆ. ಆದರೂ ಏಳಲಿಲ್ಲ. ಹಠ ಅಂದರೆ ಹಠ.

ಗಲಾಟೆ ಕೇಳಿ ಮಾಲೀಕರ ಮುದಿ ತಾಯಿ ಕೋಲೂರಿಕೊಂಡು ಬಂದರು. ಅವರಿಗೆ ಅರಬ್ಬಿ ಬಿಟ್ಟು ಬೇರೆ ಬಾರದು, ಅತ್ತೆಗೆ ಕನ್ನಡ ಬಿಟ್ಟು ಬೇರೆ ಬಾರದು. ಅತ್ತೆ ಮಗಳ ಹೊಟ್ಟೆ ತೋರಿಸಿದರು, ನನ್ನ ಮೂಗು ತೋರಿಸಿದರು, ಕೆಮ್ಮಿ ತೋರಿಸಿದರು. ಮುದುಕಿ ಎಲ್ಲ ಅರ್ಥವಾದಂತೆ ತಲೆಯಾಡಿಸಿದರು.

ಮನೆಯ ಮಾಲೀಕರ ತಾಯಿ, ನ್ಯಾಯ ಸಿಕ್ಕೇ ಸಿಗುತ್ತದೆ ಎಂದು ನಾನು ಎದ್ದು ನಿಂತೆ. ಆ ತಾಯಿ ಕೋಲೆತ್ತಿ ಡ್ರೈವರ್ ಕೋಣೆಯ ಕಡೆ ತೋರಿಸಿ, "ಮಾಫಿ!" ಅಂದರು. ನಮ್ಮ ಮಾಫಿ ಅಲ್ಲ, ಇಲ್ಲಿಯ ಅರಬ್ಬಿಯಲ್ಲಿ 'ಇಲ್ಲ' ಎಂದರ್ಥ. ಸಂಜೆ ಅವರ ಮನೆಯಿಂದ ಒಂದು ತಟ್ಟೆ ಖರ್ಜೂರ ಬಂತು, ಅತ್ತೆಗೆ.

ಆಸ್ಪತ್ರೆಯ ಬಾಗಿಲು

ಡ್ರೈವರ್ ಕೋಣೆಯಲ್ಲಿ ದಿನ ಕಳೆದವು. ಹೊತ್ತು ಹೊತ್ತಿಗೆ ಗೇಟಿನ ಕೆಳಗಿಂದ ರೊಟ್ಟಿ, ಪಲ್ಯ, ಶೇಂಗಾ ಚಟ್ನಿಯ ತಾಟು ಜಾರಿ ಬರುತ್ತಿತ್ತು. ಅಬುಧಾಬಿಗೆ ಬಂದು ಉಳಿದವರು ಮತ್ತೊಮ್ಮೆ ಟೆಸ್ಟ್ ಮಾಡಿಸಬೇಕೆಂಬ ನಿಯಮವಿತ್ತು. ಅದನ್ನೂ ಮಾಡಿಸಿದೆ, ಮತ್ತೆ ರೋಗವಿಲ್ಲ ಎಂದು ಬಂತು. ಅತ್ತೆಗೆ ತೋರಿಸಿದೆ. "ನಾಳೆ ಒಳ್ಳೆ ದಿನ, ನಾಳೆ ಒಳಗ ಬರ್ರಿ" ಅಂದರು.

ಆ ನಾಳೆಯ ತನಕ ಕೂಸು ಕಾಯಲಿಲ್ಲ. ಭಾನುವಾರ ಸಂಜೆ, ಐದರ ಹೊತ್ತು. ಗೇಟಿನ ಚಿಲಕ ದಡ್ ಎಂದು ತೆರೆಯಿತು. ಅತ್ತೆ ಬರಿಗಾಲಲ್ಲಿ ಓಡಿ ಬಂದರು, ಮೂಗಿನ ಮೇಲೆ ಸೆರಗೂ ಇಲ್ಲ. "ಅಳಿಯಂದ್ರ, ಗಾಡಿ ತಗೀರಿ! ಬ್ಯಾನಿ ಶುರು ಆತು!"

ನಾನು ಕೀಲಿ ಹಿಡಿದು ಓಡಿದೆ. ಆದರೂ ಇಷ್ಟು ದಿನದ ಸಿಟ್ಟು ಎಲ್ಲಿ ಹೋಗುತ್ತದೆ? ಕಾರು ಚಾಲೂ ಮಾಡುತ್ತಲೇ ಕೇಳಿಬಿಟ್ಟೆ. "ಅತ್ತಿ, ಇವತ್ತು ಭಾನುವಾರ. ಈಗ ರಾಹುಕಾಲ ಅಲ್ಲೇನ್ರಿ?"

ಹಿಂದಿನ ಸೀಟಿನಲ್ಲಿ ಹೆಂಡತಿ ಹಲ್ಲು ಕಚ್ಚಿಕೊಂಡು, "ರೀ, ಈಗ ಗಾಡಿ ಹೊಡೀಲಿಲ್ಲ ಅಂದ್ರ ನಿಮಗ ಶನಿಕಾಲ!" ಅಂದಳು. ಅತ್ತೆ ಮಗಳ ಕೈ ಹಿಡಿದುಕೊಂಡು ಕೂತಿದ್ದರು.

ಆಸ್ಪತ್ರೆಯ ಬಾಗಿಲಲ್ಲಿ ಮಲಯಾಳಿ ನರ್ಸಮ್ಮ ತಡೆದಳು. ಜೊತೆಗೆ ಒಬ್ಬರೇ, ಅದೂ ಟೆಸ್ಟ್ ಆದವರು. ನಾನು ಫೋನು ಎತ್ತಿ ಹಿಡಿದೆ. ಅತ್ತೆ ಮನೆ ಬಿಟ್ಟು ಹೊರಗೆ ಕಾಲಿಟ್ಟವರೇ ಅಲ್ಲ, ಅವರಿಗೆಲ್ಲಿಯ ಟೆಸ್ಟು?

"ನಾ ಆಕಿ ತಾಯಿ! ಬಾಣಂತನಕ್ಕಂತನ ಬಂದಾಕಿ!" ಎಂದು ಅತ್ತೆ ಹೊಡೆದಾಡಿದರು. ನರ್ಸಮ್ಮ ಕೈ ಮುಗಿದಳು, ಬಾಗಿಲು ಮಾತ್ರ ಬಿಡಲಿಲ್ಲ. "ಇರ್ಲಿ, ಕೂಸಿನ ಮುಖಾ ನೋಡೂತನಕ ಇಲ್ಲಿಂದ ಏಳಂಗಿಲ್ಲ" ಎಂದು ಅತ್ತೆ ಅಲ್ಲೇ ಬಾಗಿಲ ಎದುರಿನ ಬೆಂಚಿನ ಮೇಲೆ ಕೂತರು. ಆಗ ನನಗೆ ಅವರನ್ನು ಕಂಡು ಪಾಪ ಅನ್ನಿಸಿತು. ಆದರೆ ಒಳಗೆ ಹೋಗುವಾಗ ಎದೆ ಸ್ವಲ್ಪ ಉಬ್ಬಿಸಿಕೊಂಡೇ ಹೋದೆ, ಸುಳ್ಳೇಕೆ ಹೇಳಲಿ.

ಕೊಟ್ಟ ಮಾತು ಉಳಿಯಿತು. ಮಗಳು ಹುಟ್ಟಿದಾಗ ನಾನು ಹೆಂಡತಿಯ ಪಕ್ಕದಲ್ಲೇ ಇದ್ದೆ. ಕೂಸಿಗಿಂತ ಜೋರಾಗಿ ನಾನೇ ಅತ್ತೆನೆಂದು ಹೆಂಡತಿ ಈಗಲೂ ಹಂಗಿಸುತ್ತಾಳೆ.

ಫೋಟೋ ತೋರಿಸಲು ಹೊರಗೆ ಓಡಿ ಬಂದೆ. ಅತ್ತೆ ಫೋನಿನಲ್ಲಿದ್ದರು. ಆ ತುದಿಗೆ ಧಾರವಾಡದಿಂದ ಅವರ ಅಣ್ಣ, ಪಂಚಾಂಗ ನೋಡುವವರು, ಮನೆತನದ ರಾಹುಕಾಲವೆಲ್ಲ ಅವರದೇ ಸುಪರ್ದಿ. ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳಿಸುತ್ತಿತ್ತು.

"ಎಂಥಾ ಕೆಲಸಾ ಮಾಡಿದ್ರಿ ತಂಗಿ! ರಾಹುಕಾಲದಾಗ ಹೊಸ್ತಿಲಾ ದಾಟಿದ್ರೇನು? ಕೂಸಿನ ಮ್ಯಾಲ ರಾಹು ದೃಷ್ಟಿ ಬಿದ್ರ?"

ಅತ್ತೆ ನನ್ನ ಕೈಯಿಂದ ಫೋಟೋ ಇದ್ದ ಫೋನು ಕಸಿದುಕೊಂಡು ಮೊಮ್ಮಗಳನ್ನು ಕಣ್ತುಂಬ ನೋಡಿದರು. ಮತ್ತೆ ಆಸ್ಪತ್ರೆಯ ಬಾಗಿಲನ್ನು ನೋಡಿದರು. ಆಮೇಲೆ ಅಲ್ಲಿದ್ದವರೆಲ್ಲ ತಿರುಗಿ ನೋಡುವಂತೆ ಗದರಿದರು.

"ಯಾವ ರಾಹುನೋ ಅಣ್ಣಾ? ಟೆಸ್ಟ್ ಇಲ್ಲ ಅಂತ ಹೆತ್ತ ತಾಯೀನ್ನ, ನನ್ನನ್ನ, ಬಾಗಿಲಾಗ ಕುಂಡ್ರಿಸ್ಯಾರ. ಅಂವನ್ನ ಒಳಗ ಬಿಡ್ತಾರೇನು? ಘಂತೂತದಿಂದನ ಯೂ-ಟರ್ನ್ ಹೊಡಸಿರ್ತಾರ!"