ಮರಿಯಪ್ಪನ ಗುರಿ

ಮರಿಯಪ್ಪ ಹೊಸ ರೈಫಲ್ಲನ್ನು ಕಾರಿನ ಹಿಂಬದಿ ಮಲಗಿಸಿ, ಮೇಲೊಂದು ಜಮಖಾನ ಹೊದಿಸಿ, ಸದ್ದಿಲ್ಲದೆ ಹೊರಡುವವನಿದ್ದ. ಅಷ್ಟರಲ್ಲಿ ಪಕ್ಕದ ಮನೆಯ ಸ್ವಾಮಿ ಹಲ್ಲುಜ್ಜುತ್ತಲೇ ಬಂದು ಮುಂದಿನ ಸೀಟಿನಲ್ಲಿ ಕೂತುಬಿಟ್ಟ. ತೊಂದರೆ ಶುರುವಾದದ್ದು ಅಲ್ಲಿಂದ.

"ಎಲ್ಲಿಗ್ಲಾ ಸವಾರಿ?"

"ಹಾರೋಹಳ್ಳಿ ಕಡೀಕೆ."

"ನಂಗೂ ಅಲ್ಲೇ ಒಸಿ ಕೆಲ್ಸ ಐತೆ, ನಡಿ."

ಯಾರು ಎಲ್ಲಿಗೆ ಹೊರಟರೂ ಸ್ವಾಮಿಗೆ ಅಲ್ಲೇ ಕೆಲಸವಿರುತ್ತಿತ್ತು.

ಅವರೂರಾದ ಉಯ್ಯಂಬಳ್ಳಿ ಕಡೆಯ ಹೊಲವೆಂದರೆ ಬಿತ್ತುವುದು ರೈತ, ಮೊದಲು ಉಣ್ಣುವುದು ಕಾಡುಹಂದಿ. ಅದಕ್ಕೇ ಮರಿಯಪ್ಪ ಕಚೇರಿಗಳನ್ನು ಅಲೆದು, ಬೆಳೆ ಕಾಯಲೆಂದು ಲೈಸೆನ್ಸ್ ಮಾಡಿಸಿ, ಪಾಯಿಂಟ್ ಟೂಟೂ ರೈಫಲ್ ಕೊಂಡಿದ್ದ. ಕೊಂಡ ಮೇಲೆ ಹಿಡಿಯುವುದು ಹೇಗೆಂದು ಗೊತ್ತಿರಲಿಲ್ಲ. ಊರವರ ಕಣ್ಣಿಗೆ ಬೀಳದಂತೆ ರೈಫಲ್ ಕ್ಲಬ್ಬಿನಲ್ಲಿ ಕಲಿತು ಬರಬೇಕು ಎಂದುಕೊಂಡಿದ್ದ. ಈಗ ಊರಿನ ಕಣ್ಣು, ಕಿವಿ, ಬಾಯಿ ಮೂರೂ ಪಕ್ಕದ ಸೀಟಿನಲ್ಲೇ ಕೂತಿದ್ದವು.

ಕ್ಲಬ್ಬಿನವರು ಗುಂಡು ಹಾರಿಸುವ ರೇಂಜು ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಆಚೆ, ಕೆಲಸ ನಿಂತ ಕಲ್ಲುಕ್ವಾರಿಯೊಳಗಿತ್ತು. ಕೋಚ್ ಇಸ್ರಾರ್ ಸಾಹೇಬರು ನಿಯಮಗಳನ್ನೆಲ್ಲ ಹೇಳಿ, ರೈಫಲ್ಲಿಗೆ ಸಿಕ್ಕಿಸುವ ಖಾಲಿ ಮ್ಯಾಗಜೀನು ಮತ್ತು ಗುಂಡಿನ ಡಬ್ಬಿಯನ್ನು ಮುಂದಿಟ್ಟರು.

"ಮೊದ್ಲು ಇದನ್ನ ತುಂಬ್ಸಿ. ಆಮೇಲೆ ಮಿಕ್ಕಿದ್ದು."

ಮ್ಯಾಗಜೀನಿನೊಳಗೆ ಸ್ಪ್ರಿಂಗ್ ಇತ್ತು. ಮೊದಲ ಗುಂಡು ಹೊಸ ಅಳಿಯನ ಹಾಗೆ ಮರ್ಯಾದೆಯಿಂದ ಒಳಗೆ ಹೋಯಿತು. ನಾಲ್ಕನೆಯದರ ಹೊತ್ತಿಗೆ, ಮೂವರ ಸೀಟಿನಲ್ಲಿ ಇನ್ನೊಬ್ಬರನ್ನು ಕೂರಿಸಿದ ಹಾಗಾಯಿತು. ಮರಿಯಪ್ಪ ಹೆಬ್ಬೆರಳಿನಿಂದ ಬಲವಾಗಿ ಒತ್ತಿದ. ಗುಂಡುಗಳೆಲ್ಲ ಹಿತುಕಿದ ಅವರೆಕಾಳಿನಂತೆ ಪುಳಕ್ಕನೆ ಹಾರಿ ಮೇಜಿನ ಕೆಳಗೆ ಹೋದವು.

"ತತ್ತಾ ಇಲ್ಲಿ. ನಿಂಗೆ ಮಗ್ಗೀನೂ ಬರ್ತಿರ್ಲಿಲ್ಲ," ಎಂದು ಸ್ವಾಮಿ ಮ್ಯಾಗಜೀನು ಕಿತ್ತುಕೊಂಡ. ತುಂಬಿಸಿಯೂ ಕೊಟ್ಟ. ಎಲ್ಲ ಗುಂಡುಗಳನ್ನೂ ಹಿಂದುಮುಂದಾಗಿ ತುಂಬಿದ್ದ.

ಇಸ್ರಾರ್ ಸಾಹೇಬರು ಅದನ್ನು ಒಮ್ಮೆ ನೋಡಿ, ಸ್ವಾಮಿಯನ್ನು ನೋಡುವವರು ನಿಲ್ಲುವ ಗೆರೆಯ ಹಿಂದಕ್ಕೆ ಕಳಿಸಿದರು.

ಪಕ್ಕದ ಮೇಜಿನಲ್ಲಿ ಚನ್ನಪಟ್ಟಣದ ಸುಹಾನಾ ಎಂಬ ಕಾಲೇಜು ಹುಡುಗಿ ಕಡಲೆ ಬಿಡಿಸುವಷ್ಟು ಸಲೀಸಾಗಿ ಗುಂಡು ತುಂಬಿಸುತ್ತಿದ್ದಳು. "ಅಂಕಲ್, ಮೇಲಿನ್ ಗುಂಡಿನ ಅಂಚು ಕೆಳಗಿನ್ ಗುಂಡಿನ ಅಂಚಿಗಿಂತ ಮುಂದಿರ್ಬೇಕು. ಇಲ್ದಿದ್ರೆ ಒಂದಕ್ಕೊಂದು ಸಿಕ್ಕಾಕೊಳ್ತವೆ," ಎಂದಳು. ಮರಿಯಪ್ಪ ತಲೆಯಾಡಿಸಿ ಮತ್ತೆ ಮೊದಲಿನಿಂದ ಶುರು ಮಾಡಿದ.

ಮಧ್ಯಾಹ್ನದ ಹೊತ್ತಿಗೆ ಮ್ಯಾಗಜೀನು ತುಂಬಿತು. ಹೆಬ್ಬೆರಳು ಬದನೆಕಾಯಿಯಾಯಿತು. ಅದರಿಂದ ಬೇರೇನನ್ನೂ ಒತ್ತುವ ಸ್ಥಿತಿ ಇರಲಿಲ್ಲ. ಮರಿಯಪ್ಪ ಬೋರಲು ಮಲಗಿ, ಒಂದು ಕಣ್ಣು ಮುಚ್ಚಲು ಹೋಗಿ ಎರಡನ್ನೂ ಮುಚ್ಚಿ, ಮ್ಯಾಗಜೀನಿನಲ್ಲಿದ್ದ ಗುಂಡೆಲ್ಲ ಖಾಲಿ ಮಾಡಿದ. ಎದುರಿನ ಮಣ್ಣುದಿಬ್ಬದಿಂದ ಬೇಕಾದಷ್ಟು ಧೂಳೆದ್ದಿತು. ಗುರಿಯ ಕಾಗದ ಮಾತ್ರ ಅಂಗಡಿಯಿಂದ ಬಂದ ಹಾಗೇ ಇತ್ತು.

"ಮೊದಲ್ನೇ ದಿನ ಎಲ್ರಿಗೂ ಹಿಂಗೇನೆ," ಎಂದರು ಇಸ್ರಾರ್ ಸಾಹೇಬರು. ಆದರೆ ಅದನ್ನು ಬೇರೆ ಕಡೆ ನೋಡುತ್ತ ಹೇಳಿದರು.

ಹೊರಡುವಾಗ ಸ್ವಾಮಿ ಸುರುಳಿ ಸುತ್ತಿದ ಕಾಗದವೊಂದನ್ನು ಕಾರಿನೊಳಗೆ ತೂರಿಸಿದ. "ನಿನ್ ಪೇಪರ್ ನೀನು ಮೇಜಿನ್ ಮೇಲೇ ಬುಟ್ಟಿದ್ದೆ. ನಾನ್ ನೋಡ್ದೆ ಸರಿಹೋಯ್ತು."

ಸಂಜೆ ಊರಿನ ಹಾಲಿನ ಡೇರಿಯ ಮುಂದೆ ಕಾರು ನಿಲ್ಲಿಸಲು ಹೇಳಿ, ಸ್ವಾಮಿಯೇ ಇಳಿದು, ಎಲ್ಲರೆದುರು ಕಾಗದ ಬಿಚ್ಚಿದ. ತೂತುಗಳೆಲ್ಲ ಕರಿಚುಕ್ಕೆಯ ನಟ್ಟನಡುವೆ ಒತ್ತಾಗಿ ಬಿದ್ದಿದ್ದವು. ಅದು ಪಕ್ಕದ ಮೇಜಿನ ಸುಹಾನಾಳ ಕಾಗದವೆಂದು ಮರಿಯಪ್ಪನಿಗೆ ಕಂಡೊಡನೆ ಗೊತ್ತಾಯಿತು. ಹೇಳಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ, ಎಂದೂ ಅವನ ಮುಖ ನೋಡಿ ಮಾತಾಡದಿದ್ದ ಡೇರಿ ಸೆಕ್ರೆಟರಿ ಎದ್ದು ನಿಂತು ಕುರ್ಚಿ ಕೊಟ್ಟ. ಮರಿಯಪ್ಪ ಬಾಯಿ ಮುಚ್ಚಿಕೊಂಡು ಕುರ್ಚಿಯಲ್ಲಿ ಕೂತ.

ಅವನು ಮನೆ ಸೇರುವುದರೊಳಗೆ ಊರವರ ಬಾಯಲ್ಲಿ ಕಾಗದದ ತೂತುಗಳು ಹಂದಿಯ ಮೈಗೆ ದಾಟಿಕೊಂಡಿದ್ದವು. ಹೆಂಡತಿ ಸರಸಮ್ಮ ಭಾನುವಾರದ ಮಟನ್ ಸಾರಿಗೆ ಒಗ್ಗರಣೆ ಹಾಕಿದ್ದಳು. ವಾಸನೆ ಬೀದಿಗೆಲ್ಲ ಹರಡಿತ್ತು. ಅವನು ಮುದ್ದೆ ಮುರಿಯುವಷ್ಟರಲ್ಲಿ ಅರಣ್ಯ ಇಲಾಖೆಯ ಜೀಪು ಬಂದು ನಿಂತಿತು. ಗಾರ್ಡ್ ಜಯಕುಮಾರ್ ಒಳಗೆ ಬಂದ. ಹಿಂದೆಯೇ ಸ್ವಾಮಿ, ಅವನ ಹಿಂದೆ ಬೀದಿಯವರೆಲ್ಲ.

"ಮರಿಯಣ್ಣ, ನಮ್ಮ ಪರ್ಮಿಷನ್ ಇಲ್ದೆ ಹಂದಿ ಹೊಡ್ದವ್ರೆ ಅಂತ ಫೋನ್ ಬಂತು. ಪಾತ್ರೆ ಒಸಿ ತೋರ್ಸಿ."

"ಅಯ್ಯೋ, ಕುರಿ ಮಾಂಸ ಕನಪ್ಪ ಅದು," ಎಂದಳು ಸರಸಮ್ಮ.

"ಬೆಂದ್ ಮೇಲೆ ಎಲ್ಲಾ ಒಂದೇ ತರ ಕಾಣ್ತದೆ ಅಕ್ಕ. ಲ್ಯಾಬಿಗೆ ಕಳಿಸ್ಬೇಕು. ಅಲ್ಲೀವರ್ಗೂ ಅಣ್ಣ, ನೀವು ಆಫೀಸಿಗೆ ಬನ್ನಿ."

ಮರಿಯಪ್ಪ ತಟ್ಟೆ ಬಿಟ್ಟು ಎದ್ದ. "ಜಯಣ್ಣ, ನಂಗೆ ಗುರಿ ಇಡಕ್ಕೇ ಬರಲ್ಲ."

"ಸುಳ್ಳು ಸಾರ್," ಎಂದ ಸ್ವಾಮಿ, ಗೆಳೆಯನ ಮಾನ ಕಾಯುವ ಹುರುಪಿನಲ್ಲಿ. "ಯಾವತ್ತೂ ಹಿಂಗೇ, ತನ್ನ ಬಗ್ಗೆ ಹೇಳ್ಕೊಳಾಕಿಲ್ಲ. ಈ ಪೇಪರ್ ನೋಡಿ, ನಾನೇ ಕಣ್ಣಾರೆ ಕಂಡಿವ್ನಿ."

ಜಯಕುಮಾರ್ ತೂತುಗಳನ್ನು ನೋಡಿ ಜೀಪಿನ ಬಾಗಿಲು ತೆಗೆಸಿದ.

ಬೇರೆ ದಾರಿ ಕಾಣದೆ ಮರಿಯಪ್ಪ ಇಸ್ರಾರ್ ಸಾಹೇಬರಿಗೆ ಫೋನು ಹಚ್ಚಿ, ಸ್ಪೀಕರ್ ಹಾಕಿ, ಗಾರ್ಡಿನ ಕೈಗೆ ಕೊಟ್ಟ. ಜಯಕುಮಾರ್ ಹಂದಿಯ ವಿಷಯ ಹೇಳಿ ವಿಚಾರಿಸಿದ.

"ಮರಿಯಪ್ಪೋರಾ?" ಫೋನಿನ ದನಿ ಬೀದಿಯವರಿಗೆಲ್ಲ ಕೇಳಿಸಿತು. "ಹಂದಿ ಬುಡಿ ಸರ್, ಅವ್ರ ಪೇಪರನ್ನ ಹಂಗೇ ಎತ್ತಿಟ್ಟಿದೀನಿ, ನಾಳೆ ಇನ್ನೊಬ್ರಿಗೆ ಕೊಡ್ಬೋದು. ಎರಡೂ ಕಣ್ಣು ಮುಚ್ಕೊಂಡು ಹೊಡುದ್ರು, ಒಂದು ಗುಂಡೂ ಮುಟ್ಟಿಲ್ಲ. ಹಾ, ಟೀಮ್ ಸೆಲೆಕ್ಷನ್ನಿಗೆ ಅಂತ ಸುಹಾನಾ ಹೊಡೆದಿದ್ದ ಪೇಪರ್ ಕಾಣ್ತಿಲ್ಲ. ಪಾಪ, ಆ ಹುಡ್ಗಿ ಇನ್ನೂ ಹುಡುಕ್ತಾ ಅವ್ಳೆ. ಅಲ್ಲೇನಾದ್ರೂ ಬಂದೈತಾ ಕೇಳಿ."

ಯಾರೂ ನಗಲಿಲ್ಲ. ನಕ್ಕಿದ್ದರೆ ಮರಿಯಪ್ಪನಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಡೇರಿ ಸೆಕ್ರೆಟರಿ ಮೆಲ್ಲಗೆ ಹೊರಗೆ ಹೋದ.

ಜಯಕುಮಾರ್ ಕಾಗದವನ್ನು ಸುತ್ತಿ ಜೇಬಿಗೆ ಇಟ್ಟುಕೊಂಡ. "ಆ ಮಗೀಗೆ ನಾನೇ ತಲುಪಿಸ್ತೀನಿ. ನಿಮ್ಮೇಲೆ ಕೇಸ್ ಇಲ್ಲ, ಆರಾಮಾಗಿ ಉಣ್ಣಿ."

ಮರಿಯಪ್ಪ ಮತ್ತೆ ತಟ್ಟೆಯ ಮುಂದೆ ಕೂತ. ಹೊಸ್ತಿಲವರೆಗೆ ಹೋದ ಜಯಕುಮಾರ್ ಏನೋ ಯೋಚಿಸಿ ತಿರುಗಿದ.

"ಮರಿಯಣ್ಣ, ಕಣ್ಮುಚ್ಕೊಂಡು ಹೊಡೆಯೋರ ಮನೇಲಿ ಕೋವಿ ಇರೋದು ಡೇಂಜರು. ಹಂದಿ ತಪ್ಪುಸ್ಕೊಂತದೆ, ಪಕ್ಕದ್ ಹೊಲದೋರು ಏನ್ ಮಾಡ್ಬೇಕು? ನಾಳೆ ಪೊಲೀಸ್ ಸ್ಟೇಷನ್ನಿಗೆ ಒಪ್ಪಿಸ್ಬುಡಿ. ಗುರಿ ಕಲ್ತ ಮೇಲೆ ಈಸ್ಕೊಳೀರಂತೆ."

"ಕೋವಿ ಇಲ್ದೆ ಗುರಿ ಹೆಂಗ್ ಕಲೀಲಿ ಜಯಣ್ಣ?"

"ಅದು ನಮ್ಮ ಇಲಾಖೆಗೆ ಬರಲ್ಲ ಅಣ್ಣ."

ಹೊರಗೆ ಜೀಪಿನ ಹಿಂಬಾಗಿಲು ಧಡಾರನೆ ಮುಚ್ಚಿದ ಸದ್ದಾಯಿತು. ಸ್ವಾಮಿ ಕೈ ಒರೆಸಿಕೊಳ್ಳುತ್ತ ಒಳಗೆ ಬಂದ.

"ನಾಳೆ ನೀನ್ಯಾಕೆ ಅಷ್ಟ್ ದೂರ ಹೋಯ್ತೀಯ ಅಂತ, ಕಾರಲ್ಲಿದ್ದ ಕೋವೀನ ನಾನೇ ಜಮಖಾನ ಸಮೇತ ಜೀಪಿಗಿಟ್ಟೆ," ಎಂದ. "ಸರಸಕ್ಕ, ನಂಗೂ ಒಂದು ಮುದ್ದೆ ಇಕ್ಕವ್ವ."