ಅಕ್ಕನ ರೇಡಿಯೊ, ಭಾವನ ನಿಜ

ನಮ್ಮ ಭಾವನನ್ನು ಮದುವೆಗೆ ಕರೆಯಲು ಜನ ಹೆದರುತ್ತಾರೆ. ಕುಡಿದು ಗಲಾಟೆ ಮಾಡುವವರಲ್ಲ, ಮಣಿಪಾಲದಲ್ಲಿ ಮರ್ಯಾದೆಯ ಕೆಲಸವಿದೆ. ಅವರ ಕಾಯಿಲೆ ಬೇರೆ: ಕೇಳಿದರೆ ನಿಜ ಹೇಳುತ್ತಾರೆ!

ಇದು ಅಂಟಿದ್ದು ಕರ್ನೆಲ್‌ನಿಂದ. ಕಂಪ್ಯೂಟರಿನಲ್ಲಿ ಎಲ್ಲಕ್ಕೂ ಅಡಿಪಾಯವಾದ ಕೋಡ್ ಅದು. ಬಿಡುವಿನಲ್ಲಿ ಭಾವ ದುಡಿಯುವ ಕರ್ನೆಲ್‌ಗೆ ಯಾರು ಬೇಕಾದರೂ ತಿದ್ದುಪಡಿ ಕಳಿಸಬಹುದು, ಯಾರು ಬೇಕಾದರೂ ಎಲ್ಲರೆದುರು ತಪ್ಪು ಎತ್ತಿ ಹೇಳಬಹುದು. ಈ ಕ್ರಮವನ್ನು ಅವರು ಒಮ್ಮೆ ಕಾರ್ಕಳದ ಒಂದು ಮದುವೆಗೂ ತಂದರು. ಹುಡುಗಿಯ ತಂದೆ ಕೈಮುಗಿದು, "ಊಟ ಹೇಗಾಯಿತು?" ಎಂದರು.

"ಸಾರಿಗೆ ಉಪ್ಪು ಹೆಚ್ಚು. ಪಾಯಸ ಅಡ್ಡಿಯಿಲ್ಲ, ಆದರೆ ಕೊನೆಯ ಪಂಕ್ತಿಗೆ ಮುಟ್ಟಲಿಲ್ಲ. ಸರಿಮಾಡಿ ಇನ್ನೊಮ್ಮೆ ಬಡಿಸಿ, ನೋಡುವ."

ಅಕ್ಕ ಅವರನ್ನು ಎಳೆದುಕೊಂಡು ಹೋಗಿ ಬಸ್ಸು ಹತ್ತಿಸಿದಳು.

ಕಾಪುವಿನ ಅವರ ಮನೆಯಲ್ಲಿ ಕಂಪ್ಯೂಟರಿಗೆ ಚುಚ್ಚುವ, ಹೆಬ್ಬೆರಳಿನಷ್ಟು ದೊಡ್ಡ ರೇಡಿಯೊ ಒಂದಿತ್ತು. ಬೆಳಗ್ಗೆ ಅದು ಹಾಡದೆ ಅಕ್ಕ ಕಾವಲಿಗೆ ದೋಸೆ ಎರೆಯುತ್ತಿರಲಿಲ್ಲ. ತಯಾರಿಸಿದ ಕಂಪೆನಿ ಮುಚ್ಚಿಹೋಗಿದ್ದರೂ, ಅದನ್ನು ನಡೆಸುವ ಕೋಡನ್ನು ಭಾವ ಕರ್ನೆಲ್‌ನಲ್ಲಿ ಜೋಪಾನ ಮಾಡಿದರು. ತಿದ್ದುಪಡಿಯ ಅಡಿಯಲ್ಲಿ ಪರೀಕ್ಷಿಸಿದವರ ಹೆಸರು ಹಾಕುವುದು ಅಲ್ಲಿನ ಪದ್ಧತಿ. ಭಾವ ಅಕ್ಕನ ಹೆಸರು ಹಾಕುತ್ತಿದ್ದರು. "ನಾನೆಂತ ಮಾಡಿದೆ? ದೋಸೆ ಎರೆದೆ, ಅಷ್ಟೆ" ಎಂದು ಅವಳು ನಗುತ್ತಿದ್ದಳು.

ಕಳೆದ ವರ್ಷ ಅಕ್ಕ ತೀರಿಹೋದಳು. ಆಮೇಲೆ ರೇಡಿಯೊ ಹಾಕಿದವರಿಲ್ಲ.

ಮೊನ್ನೆ ಬೆಳಗ್ಗೆ ಹೋದಾಗ ಭಾವ ಪರದೆಯ ಮುಂದೆ ಸುಮ್ಮನೆ ಕುಳಿತಿದ್ದರು. ಕರ್ನೆಲ್‌ನವರು ಕೇಳಿದ್ದರಂತೆ: ಈ ರೇಡಿಯೊವನ್ನು ಇನ್ನೂ ಯಾರಾದರೂ ಬಳಸುತ್ತೀರಾ? ಇಲ್ಲವಾದರೆ ಅದರ ಕೋಡ್ ತೆಗೆದುಬಿಡುತ್ತೇವೆ. ಅಕ್ಕನಿಗಾಗಿ ಇಷ್ಟು ವರ್ಷ ಮಾಡಿದ್ದು ಅಲ್ಲಿಗೆ ಮುಗಿದಂತೆ.

"ಬಳಸುತ್ತೇವೆ ಅಂತ ಬರೆಯಿರಿ ಭಾವ. ಯಾರು ಬಂದು ನೋಡುತ್ತಾರೆ?"

"ಸುಳ್ಳು ಹೇಗೆ ಬರೆಯುವುದು ಮಾರಾಯ? ಕೇಳುವವಳೇ ಇಲ್ಲ ಅಲ್ವಾ."

ನಿಜವನ್ನೂ ಬರೆಯಲಾರದೆ ಅವರು ಕುಳಿತಿದ್ದರು. ನಾನು ಕಪಾಟಿನಿಂದ ರೇಡಿಯೊ ತಂದು ಚುಚ್ಚಿದೆ. ಗೊರಗೊರ ಎಂದು, ಕಡೆಗೆ ಹಾಡು ಬಂತು. ಫ್ರಿಜ್ಜಿನಲ್ಲಿ ಅಂಗಡಿಯ ದೋಸೆ ಹಿಟ್ಟಿತ್ತು. ಒಲೆ ಹಚ್ಚಿ ಕಾವಲಿ ಇಟ್ಟೆ.

"ಈಗ ಬರೆಯಿರಿ. ನಾನು ಕೇಳುತ್ತಾ ಇದ್ದೇನೆ."

"ನಾಳೆ?"

"ನಾಳೆಯೂ ಬರುತ್ತೇನೆ. ಉಡುಪಿಯಿಂದ ಬಸ್ಸು ಉಂಟಲ್ಲ."

ಭಾವ ಬರೆದು, ನನ್ನ ಹೆಸರು ಸೇರಿಸಿ ಕಳಿಸಿದರು. ಅಷ್ಟರಲ್ಲಿ ನನ್ನ ದೋಸೆ ಒಂದು ಕಡೆ ಸೀದು, ಇನ್ನೊಂದು ಕಡೆ ಹಸಿಯಾಗಿ, ಮೂರು ತುಂಡಾಗಿತ್ತು. ಬಟ್ಟಲಿಗೆ ಹಾಕಿ ಕೊಟ್ಟು, ಬುದ್ಧಿಯಿಲ್ಲದೆ, "ಹೇಗುಂಟು ಭಾವ?" ಎಂದು ಕೇಳಿಬಿಟ್ಟೆ.

ಅವರು ತುಂಬ ಹೊತ್ತು ಜಗಿದರು. ಕಣ್ಣು ರೇಡಿಯೊದ ಮೇಲಿತ್ತು.

"ಒಳ್ಳೆದುಂಟು" ಎಂದರು.